ಸೊಪ್ಪಿನ ಬೆಲೆ

‘ಸಾವಯವ’ ಎಂಬ ಮಾತು ನನ್ನ ಅಜ್ಜಿಯ ಕಿವಿಗೆ ಬಿದ್ದಿರಲಾರದು. ಕೊಟ್ಟಿಗೆಯ ಗೊಬ್ಬರ, ಹೊಂಗೆಯ ಸೊಪ್ಪು, ಒಲೆಯ ಬೂದಿ, ಕೆರೆಯ ಗೋಡು ಇಷ್ಟೇ ಆಕೆಯ ಹಿತ್ತಲಿನ ಕೃಷಿಶಾಸ್ತ್ರ. ಅಲ್ಲಿ ಬೆಳೆದ ದಂಟಿನ ಸೊಪ್ಪಿಗೆ ವಿಶೇಷವಾದ ಹೆಸರಿರಲಿಲ್ಲ. ವಿಶೇಷವಾದ ಬೆಲೆಯೂ ಇರಲಿಲ್ಲ. ಈಗ ಅದೇ ಸೊಪ್ಪು ಪಟ್ಟಣದ ಅಂಗಡಿಯಲ್ಲಿ ಹಸುರು ಚೀಟಿಯೊಂದನ್ನು ಅಂಟಿಸಿಕೊಂಡು ಕುಳಿತಿದೆ; ಪಕ್ಕದ ಬುಟ್ಟಿಯಲ್ಲಿರುವ ತನ್ನ ದಾಯಾದಿಗಿಂತ ಒಂದೂವರೆ ಪಾಲು, ಕೆಲವೊಮ್ಮೆ ಎರಡು ಪಾಲು ಹಣ ಕೇಳುತ್ತಿದೆ. ಕೊಳ್ಳಬೇಕೆ, ಬಿಡಬೇಕೆ? ನಿವೃತ್ತಿವೇತನದಲ್ಲಿ ಸಂಸಾರ ತೂಗಿಸುವ ನನ್ನಂಥವನಿಗೆ ಇದು ಪ್ರತಿ ತಿಂಗಳೂ ಎದುರಾಗುವ ಪ್ರಶ್ನೆ.

ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳುಂಟು. ಲೆಕ್ಕದ ಪುಸ್ತಕ ನನ್ನ ಪತ್ನಿಯ ವಶದಲ್ಲಿದೆ. “ಎರಡು ಕಟ್ಟು ಸೊಪ್ಪಿನ ಹಣಕ್ಕೆ ಒಂದು ಕಟ್ಟು ತಂದರೆ ಐದು ಜನಕ್ಕೆ ಸಾಲುತ್ತದೆಯೇ, ನೀವೇ ಹೇಳಿ” ಎಂಬುದು ಆಕೆಯ ವಾದ. ಮಗನದು ಬೇರೆ ದಾರಿ. “ಔಷಧದ ಅಂಗಡಿಗೆ ಸುರಿಯುವ ಹಣವನ್ನು ತರಕಾರಿಯ ಅಂಗಡಿಗೆ ಕೊಟ್ಟರಾಯಿತಲ್ಲ, ಅಪ್ಪ” ಎನ್ನುತ್ತಾನೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ಅವನ ಬೆಂಬಲಕ್ಕಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆಕೆಯ ಬೆಂಬಲಕ್ಕಿದೆ. ಗಾದೆಗಳು ಹೀಗೆ ಎರಡೂ ಕಡೆ ನಿಂತಾಗ, ಬಹುಕಾಲ ವಿಜ್ಞಾನವನ್ನು ಪಾಠ ಹೇಳಿದ ನಾನು ವಿದ್ವಾಂಸರ ಮೊರೆ ಹೋದೆ.

ವಿದ್ವಾಂಸರೂ ಒಂದೇ ಕಂಠದಿಂದ ಮಾತನಾಡುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಸಾವಯವ ಆಹಾರವು ಹೆಚ್ಚು ಪೌಷ್ಟಿಕವೆನ್ನಲು ಬಲವಾದ ಆಧಾರವಿಲ್ಲ, ಆದರೆ ಅದರಲ್ಲಿ ಕೀಟನಾಶಕದ ಶೇಷ ಕಂಡುಬರುವ ಸಂಭವ ಕಡಮೆ ಎಂದರು. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದವರ ಮುಂದಾಳುತನದಲ್ಲಿ 343 ಅಧ್ಯಯನಗಳನ್ನು ಪರಿಶೀಲಿಸಿದ ಮತ್ತೊಂದು ತಂಡ, 2014ರಲ್ಲಿ, ಸಾವಯವ ಬೆಳೆಗಳಲ್ಲಿ ಕೆಲವು ಉಪಯುಕ್ತ ಅಂಶಗಳು ಹೆಚ್ಚಾಗಿಯೂ ಕ್ಯಾಡ್ಮಿಯಂ ಎಂಬ ಲೋಹ ಕಡಮೆಯಾಗಿಯೂ ಇವೆಯೆಂದಿತು. ಇವುಗಳಿಂದ ತಿನ್ನುವವನ ಆಯುಸ್ಸು ಬೆಳೆಯುತ್ತದೆಯೇ ಎಂಬುದಕ್ಕೆ ಖಚಿತವಾದ ಉತ್ತರ ದೊರೆಯಲಿಲ್ಲ. ಮಗನೂ ಗೆಲ್ಲಲಿಲ್ಲ, ಪತ್ನಿಯೂ ಸೋಲಲಿಲ್ಲ.

ಹಾಗಾದರೆ ಆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಅಂಗಡಿಯ ಥಳಕಿಗೆ ಹೋಗುವುದು ನಿಜ. ಉಳಿದುದಕ್ಕೆ ಕಾರಣಗಳಿವೆ. ಕಳೆನಾಶಕವನ್ನು ಬಿಟ್ಟವನು ಕಳೆಯನ್ನು ಕೈಯಿಂದಲೇ ಕೀಳಿಸಬೇಕು, ಕೂಲಿ ಕೊಡಬೇಕು. ಇಳುವರಿಯೂ ಇಳಿಯುತ್ತದೆ. ಬೆಳೆಯನ್ನೂ ಬೇಸಾಯದ ಕ್ರಮವನ್ನೂ ಅನುಸರಿಸಿ ಈ ಇಳಿಕೆ ನೂರಕ್ಕೆ 5ರಿಂದ 34ರವರೆಗೆ ಇರುವುದೆಂದು 2012ರ ಒಂದು ಪರಿಶೀಲನೆ ತೋರಿಸಿತು. ಇದರ ಮೇಲೆ ಕಾಯುವ ಕಾಲ ಬೇರೆ. ನಮ್ಮ ದೇಶದ ಪ್ರಮಾಣೀಕರಣದ ನಿಯಮದಂತೆ, ರಾಸಾಯನಿಕವನ್ನು ನಿಲ್ಲಿಸಿದ ಹೊಲದ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ, ತೋಟದ ಬೆಳೆಗಾದರೆ ಮೂರು ವರ್ಷ ಕಳೆಯುವವರೆಗೆ ಆ ಹೆಸರು ಸಿಗುವುದಿಲ್ಲ. ಆ ವರ್ಷಗಳಲ್ಲಿ ರೈತನಿಗೆ ಇಳುವರಿಯೂ ಕಡಮೆ, ಬೆಲೆಯೂ ಮಾಮೂಲು.

ಆದರೂ ನನ್ನ ಯೋಚನೆಗೆ ಹೊಸ ತಿರುವು ಕೊಟ್ಟವನು ನನ್ನ ಸೋದರಳಿಯ. ಕೋಲಾರದ ಕಡೆ ಅವನಿಗೆ ಎರಡು ಎಕರೆ ಟೊಮೆಟೊ ತೋಟವಿದೆ. ಒಮ್ಮೆ ನಾನು ಹೋದಾಗ, “ಆ ಕಡೆ ಹೋಗಬೇಡಿ ಮಾವ, ಬೆಳಗ್ಗೆ ತಾನೆ ಔಷಧಿ ಹೊಡೆದಿದ್ದೇನೆ” ಎಂದು ತಡೆದನು. ವಿಷವನ್ನು ನಮ್ಮ ರೈತರು ಔಷಧಿಯೆಂದೇ ಕರೆಯುತ್ತಾರೆ. ಮುಖಕ್ಕೆ ಒಂದು ಟವೆಲು ಸುತ್ತಿಕೊಂಡು, ಬೆನ್ನಿಗೆ ಸಿಂಪಡಿಸುವ ಯಂತ್ರವನ್ನು ಹೊತ್ತು ಅವನು ಸಾಲುಸಾಲಿನಲ್ಲಿ ನಡೆಯುತ್ತಾನೆ. ಆ ದಿನ ಸಂಜೆ ಕಣ್ಣುರಿ, ತಲೆನೋವು. ಬಾವಿಯ ಪಕ್ಕದಲ್ಲಿ ನಾಲ್ಕು ಸಾಲು ಗಿಡಗಳು ಬೇರೆಯಾಗಿ ಬೆಳೆದಿದ್ದುವು. ಅವು ಮನೆಯ ಬಳಕೆಗೆಂದು ತಿಳಿಯಿತು. ಅವುಗಳಿಗೆ ಔಷಧಿ ಸೋಕಿರಲಿಲ್ಲ. ಉಳಿದ ತೋಟವನ್ನೂ ಹಾಗೆಯೇ ಏಕೆ ಬೆಳೆಯಬಾರದೆಂದು ಕೇಳಿದೆ. “ಚುಕ್ಕೆ ಬಿದ್ದ ಹಣ್ಣನ್ನು ಮಂಡಿಯಲ್ಲಿ ಯಾರು ಮೂಸಿ ನೋಡುತ್ತಾರೆ, ಮಾವ? ನನ್ನ ಸಾಲ ತೀರಬೇಡವೆ?” ಎಂದನು. ನಾವು ಅಗ್ಗವೆಂದು ಕೊಂಡ ಕೆಂಪು ಹಣ್ಣಿನ ಬೆಲೆಯಲ್ಲಿ ಒಂದು ಭಾಗವನ್ನು ಅವನ ಕಣ್ಣುಗಳು ತೆರುತ್ತಿದ್ದುವು.

ಇದು ಒಬ್ಬನ ಮಾತಲ್ಲ. ದಕ್ಷಿಣ ಕನ್ನಡದಲ್ಲಿಯೂ ಅದಕ್ಕೆ ಅಂಟಿಕೊಂಡಿರುವ ಕಾಸರಗೋಡಿನಲ್ಲಿಯೂ ಗೇರುತೋಟಗಳ ಮೇಲೆ ಅನೇಕ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ತೋಟಗಳ ಸುತ್ತಣ ಹಳ್ಳಿಗಳ ಜನ ಅದರ ಫಲವನ್ನು ಉಂಡರು. ಅಂಗವೈಕಲ್ಯ, ಬುದ್ಧಿಮಾಂದ್ಯಗಳಿಂದ ನರಳುವ ಮಕ್ಕಳನ್ನು ಸಾಕಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಗೋಡಂಬಿಯನ್ನು ತಿಂದವರು ಎಲ್ಲಿಯೋ ಇದ್ದರು; ಬೆಲೆ ತೆತ್ತವರು ಮರದ ಕೆಳಗಿದ್ದರು.

ಹಾಗೆಂದು ರಾಸಾಯನಿಕಗಳನ್ನೆಲ್ಲ ನಾಳೆಯೇ ನಿಲ್ಲಿಸಿಬಿಡಬೇಕೆನ್ನುವುದು ದುಡುಕು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿತು. ಬತ್ತದ ಬೆಳೆ ಕುಸಿಯಿತು. ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ವರ್ಷ ಮುಗಿಯುವ ಮೊದಲೇ ಆ ಆಜ್ಞೆಯನ್ನು ಹಿಂದೆಗೆದುಕೊಂಡರು. ಹಾಗೆಯೇ, ಕೂಲಿಯ ಹಣದಲ್ಲಿ ಮನೆ ನಡೆಸುವ ತಾಯಿಗೆ ಹಸುರು ಚೀಟಿಯ ಹಿರಿಮೆಯನ್ನು ಬೋಧಿಸುವುದು ನಿರ್ದಯತೆ. ದುಬಾರಿ ಸೊಪ್ಪು ಸಿಗಲಿಲ್ಲವೆಂದು ಮಕ್ಕಳಿಗೆ ಸೊಪ್ಪನ್ನೇ ತಪ್ಪಿಸುವುದಕ್ಕಿಂತ, ಸಿಕ್ಕಿದ ಸೊಪ್ಪನ್ನು ಚೆನ್ನಾಗಿ ತೊಳೆದು ಹೊಟ್ಟೆ ತುಂಬ ಬಡಿಸುವುದೇ ಮೇಲು.

ಇಷ್ಟೆಲ್ಲ ಯೋಚಿಸಿದ ಮೇಲೆ ನಮ್ಮ ಮನೆಯ ಎರಡು ಪಕ್ಷಗಳ ನಡುವೆ ಒಂದು ಒಪ್ಪಂದವಾಯಿತು. ಮಳೆಯನ್ನೇ ನಂಬಿ ಬೆಳೆಯುವ ರಾಗಿಗೆ ಕೀಟನಾಶಕದ ಹಂಗು ಬಹಳ ಕಡಮೆ. ಅದಕ್ಕೆ ಹೆಚ್ಚಿನ ಹಣ ತೆರುವುದಿಲ್ಲ. ಹಲಸು, ಎಳನೀರುಗಳಿಗೂ ಚೀಟಿ ಬೇಡ. ನುಗ್ಗೆ, ಬಸಳೆ, ಕರಿಬೇವುಗಳು ನಮ್ಮ ಹಿತ್ತಲಿನಲ್ಲಿಯೇ ಇವೆ. ಟೊಮೆಟೊ ಮತ್ತು ಸೊಪ್ಪುಗಳನ್ನು ಮಾತ್ರ ವಾರಕ್ಕೊಮ್ಮೆ ಸಂತೆಗೆ ಬರುವ, ಹೊಲವನ್ನು ನಾವೇ ಹೋಗಿ ನೋಡಿಬಂದಿರುವ ರೈತರಿಂದ ಕೊಳ್ಳುತ್ತೇವೆ. ಅದರ ಹೆಚ್ಚಳವನ್ನು ಸರಿದೂಗಿಸಲು ಕರಿದ ತಿಂಡಿಯ ಪೊಟ್ಟಣಗಳನ್ನು ಬಿಟ್ಟಿದ್ದೇವೆ.

ಆ ಸೊಪ್ಪಿನ ಎಲೆಗಳಲ್ಲಿ ಅಲ್ಲಲ್ಲಿ ಹುಳು ಕೊರೆದ ತೂತುಗಳಿರುತ್ತವೆ. ಮೊದಮೊದಲು ಪತ್ನಿ ಮುಖ ಸಿಂಡರಿಸುತ್ತಿದ್ದಳು. ಈಗ ತೂತಿನ ಎಲೆಯನ್ನೂ ಬಿಡಿಸಿ ಸಾರಿಗೆ ಹಾಕುತ್ತಾಳೆ. ಹೆಚ್ಚಿಗೆ ಕೊಟ್ಟ ಹಣದಿಂದ ನಮ್ಮ ಆಯುಸ್ಸು ಎಷ್ಟು ಬೆಳೆಯುವುದೋ ನಾನು ಲೆಕ್ಕ ಹಾಕುವುದಿಲ್ಲ. ಆ ಸೊಪ್ಪನ್ನು ಬೆಳೆದವನು ಸಂಜೆ ಕಣ್ಣುರಿಯಿಲ್ಲದೆ ತನ್ನ ಮಕ್ಕಳೊಡನೆ ಕುಳಿತು ಊಟ ಮಾಡುತ್ತಾನೆ. ಆ ಹಣಕ್ಕೆ ಅಷ್ಟು ಪ್ರತಿಫಲ ನನಗೆ ಸಾಕು.