ಕಾಗದದ ಮೇಲಿನ ಟೆರಾಫ್ಲಾಪ್

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಬೇರೆ, ಅದರ ಸ್ಪೆಸಿಫಿಕೇಶನ್ ಓದುವವರು ಬೇರೆ. ನಾನು ಎರಡನೆಯ ಪಂಗಡದವನು. ನನ್ನ ಕಂಪ್ಯೂಟರಿನಲ್ಲಿರುವುದು ಜಿಟಿಎಕ್ಸ್ 1050 ಟಿಐ. ಪಾಪ, ಪ್ರತ್ಯೇಕ ಪವರ್ ಕೇಬಲ್ಲನ್ನೂ ಕೇಳದ ಸಾಧು. ಆಟ ಆಡುವುದೂ ಅಷ್ಟಕ್ಕಷ್ಟೇ. ಆದರೆ ಹೊಸ ಕಾರ್ಡು ಬಂತೆಂದರೆ, ರಾತ್ರಿ ಊಟ ಮುಗಿಸಿ ಅದರ ಅಂಕಿಗಳನ್ನು ಎದುರಾಳಿಯ ಅಂಕಿಗಳ ಪಕ್ಕ ಬರೆದುಕೊಂಡು ಕೂರದಿದ್ದರೆ ನಿದ್ದೆ ಹತ್ತುವುದಿಲ್ಲ.

ಹೀಗೆ ಬರೆದುಕೊಂಡ ಜೋಡಿಗಳಲ್ಲಿ ನನಗೆ ಬಹಳ ರುಚಿಸಿದ್ದು 2020ರದು: ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಮತ್ತು ಎಎಂಡಿಯ ಆರ್‌ಎಕ್ಸ್ 6800 ಎಕ್ಸ್‌ಟಿ. ಮೊದಲನೆಯದನ್ನು ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಸೆಪ್ಟೆಂಬರ್ 1ರಂದು ತಮ್ಮ ಅಡುಗೆಮನೆಯಲ್ಲಿ ನಿಂತು ತೋರಿಸಿದರು. ಎರಡನೆಯದನ್ನು ಎಎಂಡಿಯ ಮುಖ್ಯಸ್ಥೆ ಲೀಸಾ ಸು ಅಕ್ಟೋಬರ್ 28ರಂದು ಪ್ರಕಟಿಸಿದರು. ಬೆಲೆ 699 ಡಾಲರ್ ಮತ್ತು 649 ಡಾಲರ್ ಎಂದು ಘೋಷಣೆಯೇನೋ ಆಯಿತು. ಆಮೇಲೆ ಚಿಪ್ಪುಗಳ ಅಭಾವ, ಕ್ರಿಪ್ಟೊ ಮೈನಿಂಗಿನವರ ಮುಗಿಬೀಳುವಿಕೆ. ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲಿ ಕೇಳಿದರೂ "ಸ್ಟಾಕ್ ಇಲ್ಲ ಸಾರ್" ಎಂಬ ಒಂದೇ ಉತ್ತರ. ಇದ್ದವರು ಹೇಳುವ ರೇಟು ಕೇಳಿದರೆ, ಇಲ್ಲ ಅಂದವರೇ ವಾಸಿ. ನನಗೇನೂ ನಷ್ಟವಾಗಲಿಲ್ಲ. ಓದುವುದಕ್ಕೆ ಸ್ಟಾಕ್ ಯಾಕೆ?

ಶುರು ಮಾಡುವುದು ಟೆರಾಫ್ಲಾಪ್‌ನಿಂದ. ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಫ್ಲೋಟಿಂಗ್ ಪಾಯಿಂಟ್ (ದಶಮಾಂಶದ) ಲೆಕ್ಕ ಎಂಬ ಅಳತೆ ಅದು. ಕಂಪನಿ ಹೇಳಿದ್ದನ್ನೇ ನಂಬಬೇಕೆಂದಿಲ್ಲ, ನಾವೇ ಲೆಕ್ಕ ಹಾಕಬಹುದು. ಲೆಕ್ಕ ಮಾಡುವ ಕೋರುಗಳೆಷ್ಟು, ಗಡಿಯಾರದ ವೇಗವೆಷ್ಟು, ಅವೆರಡನ್ನು ಗುಣಿಸಿ ಮತ್ತೆ ಎರಡರಿಂದ ಗುಣಿಸುವುದು, ಕೊನೆಗೆ ಸಾವಿರದಿಂದ ಭಾಗಿಸುವುದು. ಒಂದು ಗುಣಾಕಾರ, ಒಂದು ಸಂಕಲನ, ಎರಡನ್ನೂ ಕೋರು ಒಂದೇ ಏಟಿಗೆ ಮುಗಿಸುತ್ತದೆ. ಆ ಎರಡು ಅಲ್ಲಿಂದ ಬಂದದ್ದು. 3080ಯಲ್ಲಿ 8704 ಕೋರು, 1.71 ಗಿಗಾಹರ್ಟ್ಸ್. ಉತ್ತರ 29.8. 6800 ಎಕ್ಸ್‌ಟಿಯಲ್ಲಿ 4608 ಕೋರು, 2.25 ಗಿಗಾಹರ್ಟ್ಸ್. ಉತ್ತರ 20.7. ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಎನ್‌ವಿಡಿಯಾ ಶೇ. 40ಕ್ಕೂ ಹೆಚ್ಚು ಮುಂದೆ. ಆದರೆ 1440ಪಿ ಪರದೆಯಲ್ಲಿ ಮಾಮೂಲಿ ಆಟಗಳನ್ನು ಓಡಿಸಿದವರ ಫಲಿತಾಂಶ ನೋಡಿದರೆ ಎರಡೂ ಹೆಚ್ಚುಕಮ್ಮಿ ಸರಿಸಮ! ಹಾಗಾದರೆ ಒಂಬತ್ತು ಟೆರಾಫ್ಲಾಪ್ ಎಲ್ಲಿ ಸೋರಿಹೋಯಿತು? ನನ್ನ ಹವ್ಯಾಸದ ಸುಖವೆಲ್ಲ ಆ ತೂತು ಹುಡುಕುವುದರಲ್ಲಿದೆ.

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ಇದನ್ನು ಅವನಿಗೆ ವಿವರಿಸಲು ಹೋದೆ. "ಚಿಕ್ಕಪ್ಪಾ, ಯಾವ್ದು ತಗೊಳ್ಲಿ ಅಷ್ಟು ಹೇಳಿ ಸಾಕು" ಅಂದ. "ಯಾವ್ದು ಸಿಕ್ಕುತ್ತೋ ಅದು ತಗೊಳೋ. ಈಗ ಈ 68 ನೋಡು" ಎಂದು ಮುಂದುವರಿಸಿದೆ.

ಆ 68 ನಿಜಕ್ಕೂ ಸೊಗಸಾದ ಅಂಕಿ. ಎನ್‌ವಿಡಿಯಾ ತನ್ನ ಕೋರುಗಳನ್ನು ಎಸ್‌ಎಂ ಎಂಬ ಗುಂಪುಗಳಲ್ಲಿ ಕೂರಿಸುತ್ತದೆ. 3080ಯಲ್ಲಿ ಅಂಥವು 68. ಹಿಂದಿನ ತಲೆಮಾರಿನ 2080 ಟಿಐಯಲ್ಲೂ ಅಷ್ಟೇ. ಆದರೆ ಅದರ ಕೋರುಗಳು 4352, ಇದರವು 8704; ಕರಾರುವಾಕ್ಕಾಗಿ ದುಪ್ಪಟ್ಟು. ಹಳೆಯ ಗುಂಪಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕಕ್ಕೆ 64 ಘಟಕ, ಪೂರ್ಣಾಂಕದ ಲೆಕ್ಕಕ್ಕೆ ಬೇರೆಯೇ 64. ಹೊಸದರಲ್ಲಿ ಆ ಪೂರ್ಣಾಂಕದ ಸಾಲಿಗೂ ಫ್ಲೋಟಿಂಗ್ ಪಾಯಿಂಟ್ ಕಲಿಸಿ, ಎರಡು ಸಾಲನ್ನೂ ಸೇರಿಸಿ ಎಣಿಸಿಬಿಟ್ಟರು. ಸುಳ್ಳೇನಲ್ಲ. ಆದರೆ ಪೂರ್ಣಾಂಕದ ಕೆಲಸ ಬಂದ ಗಳಿಗೆ ಆ ಸಾಲು ಅತ್ತ ತಿರುಗಲೇಬೇಕು. ಆಟಗಳಲ್ಲಿ ಸರಾಸರಿ 100 ಫ್ಲೋಟಿಂಗ್ ಪಾಯಿಂಟ್ ಆದೇಶಗಳಿಗೆ ಸುಮಾರು 36 ಪೂರ್ಣಾಂಕದವು ಇರುತ್ತವೆಂದು ಹಿಂದಿನ ತಲೆಮಾರಿನ ಹೊತ್ತಿಗೆ ಎನ್‌ವಿಡಿಯಾವೇ ಹೇಳಿತ್ತು. 136ರಲ್ಲಿ 100 ಎಂದು ಹಿಡಿದರೆ 29.8 ಇಳಿದು 21.9 ಆಗುತ್ತದೆ. ಎದುರಾಳಿಯ 20.7ರ ಪಕ್ಕದಲ್ಲೇ ಬಂದು ನಿಂತಿತಲ್ಲ!

ಇಲ್ಲಿಗೆ ಪೆನ್ನು ಕೆಳಗಿಡುವವರೇ ಹೆಚ್ಚು. ಇಡಬಾರದು. ಎಎಂಡಿಯ ಕೋರುಗಳೂ ಪೂರ್ಣಾಂಕದ ಕೆಲಸವನ್ನು ಅದೇ ಕೈಯಲ್ಲಿ ಮಾಡುತ್ತವೆ. ಅಲ್ಲೂ ಅಷ್ಟೇ ಕಳೆಯಬೇಕು. ಕಳೆದರೆ ಉಳಿಯುವುದು 15.2. ಅಂತರ ಮೊದಲಿದ್ದಷ್ಟೇ ಪಾಲು ಉಳಿಯಿತು. 2080 ಟಿಐಗಿಂತ 3080 ಯಾಕೆ ದುಪ್ಪಟ್ಟು ಓಡಲಿಲ್ಲ ಎಂಬುದಕ್ಕೆ ಈ ಲೆಕ್ಕ ಉತ್ತರದ ಒಂದು ಭಾಗವಾದೀತು. ಎಎಂಡಿ ಹೇಗೆ ಸರಿಗಟ್ಟಿತು ಎಂಬುದಕ್ಕೆ ಅಲ್ಲ.

ಹಾಗಾಗಿ ಪಟ್ಟಿಯಲ್ಲಿ ಕೆಳಕ್ಕಿಳಿಯಬೇಕು, ಯಾರೂ ಓದದ ಸಾಲುಗಳಿಗೆ. ಟೆಕ್ಸ್‌ಚರ್ ಹಚ್ಚುವ ವೇಗ: 3080ಯದು ಸೆಕೆಂಡಿಗೆ 465 ಗಿಗಾಟೆಕ್ಸೆಲ್, ಎಎಂಡಿಯದು 648. ಪಿಕ್ಸೆಲ್ ಬರೆಯುವ ವೇಗ: 164ರ ಎದುರು 288 ಗಿಗಾಪಿಕ್ಸೆಲ್. ಇಲ್ಲಿ ಮೇಲುಗೈ ಎಎಂಡಿಯ ಕಡೆಗೆ. ಆಟದ ಒಂದು ಚಿತ್ರ ತಯಾರಾಗುವುದೆಂದರೆ ಬರೀ ಗುಣಾಕಾರವಲ್ಲ. ತ್ರಿಕೋನ ಕತ್ತರಿಸುವುದು, ಬಣ್ಣ ತರುವುದು, ಬರೆಯುವುದು, ನಡುನಡುವೆ ಕಾಯುವುದು, ಎಲ್ಲ ಸೇರಿ ಒಂದು ಚಿತ್ರ. ಗಡಿಯಾರ ಚುರುಕಾಗಿದ್ದರೆ ಇವೆಲ್ಲವೂ ಒಟ್ಟಿಗೇ ಚುರುಕಾಗುತ್ತವೆ. (ಗಡಿಯಾರದ ಅಂಕಿಯೂ ಪೂರಾ ನಂಬುವಂಥದ್ದಲ್ಲ, 3080 ತಾನು ಹೇಳಿಕೊಂಡ 1.71ಕ್ಕಿಂತ ಮೇಲೆಯೇ ಓಡುವುದು ಸಾಮಾನ್ಯ.)

ಇನ್ನು ಮೆಮೊರಿ. ಅಂಗಡಿಯವರಿಗೂ ಗಿರಾಕಿಗೂ ಗೊತ್ತಿರುವುದು ಎಷ್ಟು ಜಿಬಿ ಎಂಬುದೊಂದೇ: 10, 16. ನಾನು ನೋಡುವುದು ದಾರಿಯ ಅಗಲ. 3080ಗೆ 320 ಬಿಟ್ ದಾರಿ, ಸೆಕೆಂಡಿಗೆ 760 ಜಿಬಿ ಹರಿಯುತ್ತದೆ. ಎಎಂಡಿಗೆ 256 ಬಿಟ್, 512 ಜಿಬಿ. ಇಷ್ಟು ಕಿರಿದಾದ ದಾರಿಯಲ್ಲಿ ಅದು ಹೇಗೆ ಉಸಿರಾಡುತ್ತದೆ? ಉತ್ತರ ಚಿಪ್ಪಿನೊಳಗೇ ಇದೆ: 128 ಎಂಬಿಯ ಇನ್ಫಿನಿಟಿ ಕ್ಯಾಶ್. ಒಲೆಯ ಪಕ್ಕದಲ್ಲೇ ಒಗ್ಗರಣೆ ಡಬ್ಬಿ ಇದ್ದರೆ ಸಾಸಿವೆ ಬೇಕೆಂದಾಗಲೆಲ್ಲ ಉಗ್ರಾಣಕ್ಕೆ ಓಡಬೇಕಾಗಿಲ್ಲ. 3080ಯ ಡಬ್ಬಿ, ಅಂದರೆ ಅದರ ಎಲ್2 ಕ್ಯಾಶ್, 5 ಎಂಬಿ ಮಾತ್ರ.

ಡಬ್ಬಿಗೂ ಮಿತಿಯಿದೆ. 1440ಪಿ ಎಂದರೆ ಸುಮಾರು 37 ಲಕ್ಷ ಪಿಕ್ಸೆಲ್, 4ಕೆ ಎಂದರೆ 83 ಲಕ್ಷ. ಅಲ್ಲಿ ಬೇಕಾದದ್ದು ಡಬ್ಬಿಯಲ್ಲಿ ಸಿಗುವುದು ಕಮ್ಮಿಯಾಗುತ್ತದೆ, 3080ಯ ಕೋರುಗಳಿಗೂ ಕೈತುಂಬ ಕೆಲಸ ಸಿಗುತ್ತದೆ; ಸಾಮಾನ್ಯವಾಗಿ ಅದು ತುಸು ಮುಂದೆ ಸರಿಯುತ್ತದೆ. ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್ ಹಚ್ಚಿದರೆ ಹೆಚ್ಚಿನ ಆಟಗಳಲ್ಲಿ 3080ಗೆ ಸ್ಪರ್ಧೆಯೇ ಇಲ್ಲ. ಬ್ಲೆಂಡರ್‌ನಲ್ಲಿ 3ಡಿ ಚಿತ್ರ ರೆಂಡರ್ ಮಾಡುವವರನ್ನು ಕೇಳಿದರೆ, ಸೋರಿಹೋಯಿತೆಂದು ನಾವು ಹುಡುಕುತ್ತಿದ್ದ ಟೆರಾಫ್ಲಾಪ್ ಅವರ ಮನೆಯಲ್ಲಿ ಸಿಗುತ್ತದೆ.

ನನಗೆ ನಗು ಬಂದದ್ದು 2022ರ ಕೊನೆಗೆ. ಹೊಸ ತಲೆಮಾರಿನ ಪಟ್ಟಿ ತೆಗೆದರೆ ಇಬ್ಬರೂ ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಕಲಿತು ಕೂತಿದ್ದಾರೆ! ಎನ್‌ವಿಡಿಯಾದ ಆರ್‌ಟಿಎಕ್ಸ್ 4080ಯಲ್ಲಿ ಎಲ್2 ಕ್ಯಾಶ್ 64 ಎಂಬಿಗೆ ಉಬ್ಬಿದೆ, ದಾರಿ 256 ಬಿಟ್‌ಗೆ ಕುಗ್ಗಿದೆ. ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನಲ್ಲಿ ಕ್ಯಾಶ್ 96 ಎಂಬಿಗೆ ಇಳಿದು, ದಾರಿ 384 ಬಿಟ್‌ಗೆ ಅಗಲವಾಗಿದೆ. ಅದರ 6144 ಕೋರುಗಳು ಒಂದೇ ಏಟಿಗೆ ಎರಡು ಆದೇಶ ನಡೆಸಬಲ್ಲವಂತೆ. ಹಾಗೆಂದು ಲೆಕ್ಕವನ್ನು ಇನ್ನೊಮ್ಮೆ ಎರಡರಿಂದ ಗುಣಿಸಿ 61.4 ಟೆರಾಫ್ಲಾಪ್ ಎಂದು ಅಚ್ಚು ಹಾಕಿದ್ದಾರೆ. 4080ಯದು 48.7. ಮಾಮೂಲಿ ಆಟಗಳಲ್ಲಿ ಎರಡೂ ಹೆಚ್ಚುಕಮ್ಮಿ ಸಮಸಮ. ಈ ಸಲ ಕಳೆಯುವ ಲೆಕ್ಕ ಎಎಂಡಿಯ ಕಡೆ.