ಮಳೆಗಾಲದ ಶ್ರುತಿ

ಪತ್ತನಾಜೆ ಬಂತೆಂದರೆ, ಅಂದರೆ ಮೇ 24ರ ಹೊತ್ತಿಗೆ, ನಮ್ಮ ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇನ್ನು ಗದ್ದೆ ಕೆಲಸದ ಕಾಲ ಎನ್ನುತ್ತಾರೆ ಹಿರಿಯರು. ಸರಿಯೇ. ಆದರೆ ಮದ್ದಳೆಗೂ ಆ ಬಿಡುವು ಬೇಕು ಅಂತ ನನಗನ್ನಿಸುತ್ತದೆ. ತೇವ ಹೀರಿದ ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಆಟಿಯ ಸಂಜೆ ತೋಡಾರು, ಮಿಜಾರು ಕಡೆ ಮನೆಗೆ ಚಿಕ್ಕಮೇಳ ಬಂದರೆ ಮದ್ದಳೆಗಾರರ ಕೈಯನ್ನೇ ನೋಡಿ. ಬಲ ಮುಚ್ಚಿಗೆಯ ಅಂಚನ್ನು ಸುತ್ತಲೂ ತಟ್ಟುತ್ತಾರೆ, ಬೆರಳಲ್ಲಿ ನುಡಿಸಿ ಕಿವಿಗೊಡುತ್ತಾರೆ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಗ್ಗಿದ್ದರೆ ಅಲ್ಲಿಗೇ ಇನ್ನೊಂದು ಪೆಟ್ಟು. ಷಡ್ಜ ಕೂಡುವವರೆಗೆ ಬಿಡುವುದಿಲ್ಲ. ಆ ತಾಳ್ಮೆ ದೊಡ್ಡದು.

ಪಕ್ಕದ ಹಾರ್ಮೋನಿಯಂಗೆ ಈ ಪಾಡಿಲ್ಲ. ಅದರ ಹಿತ್ತಾಳೆ ನಾಲಗೆ ನೀರು ಕುಡಿಯುವುದಿಲ್ಲ. ಭಾಗವತರೊಬ್ಬರದು ಕಪ್ಪು ಎರಡು, ಇನ್ನೊಬ್ಬರದು ಬಿಳಿ ಐದು ಎನ್ನುತ್ತೇವಲ್ಲ, ಆ ಕಪ್ಪು ಬಿಳಿ ಮನೆಗಳ ಸಾಲು ಪಿಯಾನೊದ್ದೂ ಹೌದು. ಆದರೆ ಪಿಯಾನೊಗೆ ಮಳೆ ಆಗಿಬರುವುದಿಲ್ಲ. ಅದರಲ್ಲಿ 230ರಷ್ಟು ತಂತಿ, ಎಲ್ಲ ಸೇರಿ ಹದಿನೆಂಟು ಟನ್ನಿನ ಆಸುಪಾಸು ಎಳೆತ. ಕೆಳಗಿರುವುದು ಸ್ಪ್ರೂಸ್ ಮರದ ತೆಳು ಹಲಗೆ. ತೇವಕ್ಕೆ ಅದು ಉಬ್ಬಿ ತಂತಿಗಳನ್ನು ಮೇಲಕ್ಕೊತ್ತುತ್ತದೆ. ಹಾಗಾಗಿ ಮದ್ದಳೆಯ ಶ್ರುತಿ ಇಳಿಯುವ ದಿನಗಳಲ್ಲೇ ಪಿಯಾನೊದ ನಡು ಸ್ಥಾಯಿ ಏರುತ್ತದೆ! ಎಲ್ಲ ತಂತಿಯೂ ಒಂದೇ ಸಮ ಏರಿದ್ದರೆ ಚಿಂತೆಯಿರಲಿಲ್ಲ. ಒಂದೊಂದು ಒಂದೊಂದಷ್ಟು ಏರುವುದರಿಂದಲೇ ಅಪಸ್ವರ.

ಸ್ಟೈನ್‌ವೇ, ಬೆಕ್‌ಸ್ಟೈನ್, ಯಮಾಹಾ, ಯಾವುದು ಶ್ರುತಿ ಹಿಡಿದು ನಿಲ್ಲುತ್ತದೆ ಎಂದು ಕೇಳುವವರಿದ್ದಾರೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದೇ ಇದೆ. ತಂತಿ ಸುತ್ತಿದ ಮೊಳೆಗಳು ಕೂರುವುದು ಪದರ ಪದರವಾಗಿ ಅಂಟಿಸಿದ ಗಟ್ಟಿಮರದ ದಿಮ್ಮಿಯಲ್ಲಿ. ಒಳ್ಳೆಯ ತಯಾರಿಯಲ್ಲಿ ಮೊಳೆ ಬಿಗಿಯಾಗಿ ಕೂತು, ತಿರುಗಿಸಿದಲ್ಲೇ ನಿಲ್ಲುತ್ತದೆ. ಕಳಪೆಯದರಲ್ಲಿ ಮೆಲ್ಲಗೆ ಹಿಂದೆ ಸರಿಯುತ್ತದೆ. ಆದರೆ ಮರ ಉಬ್ಬುವುದನ್ನು ಯಾವ ಹೆಸರೂ ತಡೆಯಲಾರದು. ಬ್ರಿಟಿಷರ ಕಾಲದಲ್ಲಿ ಉಷ್ಣದೇಶಗಳಿಗೆಂದೇ ಕೀಲುಗಳಿಗೆ ತಿರುಪು ಬಿಗಿದು ಪಿಯಾನೊ ಮಾಡಿ ಕಳಿಸುತ್ತಿದ್ದರು. ಅಂಟು ಬಿಟ್ಟರೂ ಕೀಲು ನಿಂತಿತು. ಹಲಗೆ ಮಾತ್ರ ಮಳೆಗಾಲ ಬಂದಾಗಲೆಲ್ಲ ಉಬ್ಬಿತು.

ಅದಕ್ಕೇ ನಾನು ಕಂಪನಿಗಿಂತ ಮೊದಲು ಕೋಣೆ ನೋಡಿ ಎನ್ನುವುದು. ಪಿಯಾನೊವನ್ನು ಕಿಟಕಿ, ಹೊರಗೋಡೆಗಳಿಂದ ದೂರ, ಒಳಗೋಡೆಗೆ ಇಡಿ. ತೇವಾಂಶ ಶೇ. 50ರ ಆಸುಪಾಸಿನಲ್ಲಿ ಉಳಿಯುವಂತೆ ನೋಡಿಕೊಳ್ಳಿ. ಹೊಸದಾದರೆ ತಂತಿ ಇನ್ನೂ ಹಿಗ್ಗುತ್ತಿರುತ್ತದೆ, ಮೊದಲ ವರ್ಷ ಹೆಚ್ಚು ಸಲ ಶ್ರುತಿ ಮಾಡಿಸಬೇಕು. ಆಮೇಲೆ ವರ್ಷಕ್ಕೆರಡು ಸಲ ಸಾಕು: ಮಳೆ ಹಿಡಿದು ತಿಂಗಳಾದ ಮೇಲೊಮ್ಮೆ, ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೊಮ್ಮೆ.