ಯೂಟಾದ ಕೆಂಪು ಗುಡ್ಡಗಳಲ್ಲಿ ಎರಡು ವಾರ

ಮಂಗಳ ಗ್ರಹದಲ್ಲಿ ಎರಡು ವಾರ ಇದ್ದು ಬಂದೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ! ನಾನು ಹೋಗಿದ್ದು ಅಮೆರಿಕದ ಯೂಟಾ ರಾಜ್ಯಕ್ಕೆ. ಅಲ್ಲಿ ಹ್ಯಾಂಕ್ಸ್‌ವಿಲ್ ಎಂಬ ಪುಟ್ಟ ಊರಿದೆ. ಊರು ದಾಟಿ ಮಣ್ಣುದಾರಿ ಹಿಡಿದರೆ ಎತ್ತ ನೋಡಿದರೂ ಕೆಂಪು ಗುಡ್ಡಗಳೇ. ಅವುಗಳ ನಡುವೆ ದೊಡ್ಡದೊಂದು ಬಿಳಿ ಡಬ್ಬಿಯಂತೆ ನಿಂತಿತ್ತು ನಮ್ಮ ಮನೆ. ಮುಂದೆ ಮಂಗಳಕ್ಕೆ ಹೋಗುವವರು ಹೇಗೆ ಬದುಕಬೇಕು ಎಂಬುದನ್ನು ಭೂಮಿಯ ಮೇಲೆಯೇ ಕಲಿಯಲು ಮಾರ್ಸ್ ಸೊಸೈಟಿ ಎಂಬ ಸಂಸ್ಥೆ ಕಟ್ಟಿದ ಕೇಂದ್ರ ಅದು.

ಸುಮಾರು 8 ಮೀಟರ್ ಅಗಲದ ದುಂಡು ಮನೆ, ಎರಡು ಅಂತಸ್ತು. ಕೆಳಗೆ ಬಚ್ಚಲು ಮತ್ತು ಉಡುಪು ತೊಡುವ ಕೋಣೆ. ಮೇಲೆ ಅಡುಗೆಮನೆ, ಊಟದ ಮೇಜು, ಮಲಗಲು ಪುಟ್ಟ ಪುಟ್ಟ ಗೂಡುಗಳು. ಪಕ್ಕದಲ್ಲಿ ಸೊಪ್ಪು ಬೆಳೆಯುವ ಹಸಿರುಮನೆ. ಅಂಗಳಕ್ಕೆ ಕಾಲಿಡಬೇಕಾದರೂ ಗಗನಯಾತ್ರಿಯಂತೆ ಉಡುಪು, ಹೆಲ್ಮೆಟ್ ಬೇಕು. ಬಾಗಿಲ ಬಳಿಯ ಕಿರುಕೋಣೆಯಲ್ಲಿ 5 ನಿಮಿಷ ಕಾಯಬೇಕು. ನಿಜವಾದ ಮಂಗಳದಲ್ಲಾದರೆ ಆ ಹೊತ್ತಿನಲ್ಲಿ ಕೋಣೆಯ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ.

ನಾವು ಆರು ಜನ, ಬೇರೆ ಬೇರೆ ದೇಶದವರು. ಒಬ್ಬರು ನಾಯಕಿ, ಒಬ್ಬರು ಆರೋಗ್ಯ ನೋಡುವವರು, ಒಬ್ಬ ಎಂಜಿನಿಯರ್. ನನ್ನ ಪಾಲಿಗೆ ಹಸಿರುಮನೆ. ಒಣಗಿಸಿದ ತರಕಾರಿ, ಹಾಲಿನ ಪುಡಿಗಳಲ್ಲೇ ಅಡುಗೆ. ನೀರಂತೂ ಲೆಕ್ಕದ್ದು. ಪಾತ್ರೆ ತೊಳೆದದ್ದಕ್ಕೂ ಗಿಡಕ್ಕೆ ಹಾಕಿದ್ದಕ್ಕೂ ಲೆಕ್ಕ. ದಿನಾ ಸಂಜೆ ಆ ಲೆಕ್ಕವನ್ನು ‘ಭೂಮಿ’ಗೆ ವರದಿ ಮಾಡಬೇಕು.

ಆರನೆಯ ರಾತ್ರಿ ನನಗೆ ತಡೆಯಲಾಗಲಿಲ್ಲ. ಕೆಂಧೂಳು ತುಂಬಿ ತಲೆ ಕೆರೆಯುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಸದ್ದಿಲ್ಲದೆ ತಲೆಗೆ ನೀರು ಹಾಕಿಕೊಂಡೆ. ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.

ಬೆಳಿಗ್ಗೆ ಎಂಜಿನಿಯರ್ ಟ್ಯಾಂಕ್ ನೋಡಿ ಗಾಬರಿಯಾದ. "ಎಲ್ಲೋ ಸೋರುತ್ತಿದೆ!" ಅಂದಿನ ಹೊರಸಂಚಾರ ರದ್ದಾಯಿತು. ಕೊರೆಯುವ ಚಳಿಯಲ್ಲಿ ಆತ ನೆಲಕ್ಕೆ ಮಲಗಿ ಒಂದೊಂದೇ ಕೊಳವೆ ಸವರಿ ನೋಡಿದ. ಟಾರ್ಚ್ ಹಿಡಿದು ನಿಂತವಳು ನಾನೇ! ಮಧ್ಯಾಹ್ನ ಊಟಕ್ಕೆ ಕುಳಿತಾಗ ತುತ್ತು ಇಳಿಯಲಿಲ್ಲ. "ಸೋರಿಕೆ ಇಲ್ಲ. ನಾನು ತಲೆ ತೊಳೆದೆ" ಎಂದುಬಿಟ್ಟೆ.

ಯಾರೂ ಬೈಯಲಿಲ್ಲ. ಆದರೆ ಆತ ಸಂಜೆವರೆಗೂ ನನ್ನೊಡನೆ ಮಾತಾಡಲಿಲ್ಲ. ಅಷ್ಟು ಚಿಕ್ಕ ಮನೆಯಲ್ಲಿ ಒಬ್ಬರು ಮೌನವಾದರೆ ಆ ಮೌನ ಮನೆಯನ್ನೆಲ್ಲ ತುಂಬುತ್ತದೆ. ಕೋಪ ಬಂತೆಂದು ಹೊರಗೆ ಒಂದು ಸುತ್ತು ನಡೆದು ಬರುವಂತಿಲ್ಲವಲ್ಲ!

ಆ ದಿನ ಪಾತ್ರೆ ತೊಳೆಯುವ ಸರದಿ ಅವನದು. ನಾನು ತೊಳೆದೆ. ಊರಿಂದ ಒಯ್ದಿದ್ದ ಅಮ್ಮನ ಸಾರಿನ ಪುಡಿ ಹಾಕಿ ಸಾರು ಕುದಿಸಿದೆ. ಅವನ ಲೋಟ ಎರಡು ಸಲ ಖಾಲಿಯಾಯಿತು. "ಇದಕ್ಕೆಷ್ಟು ನೀರು ಹಾಕಿದೆ?" ಎಂದು ಕೇಳಿದ. "ಒಂದೂವರೆ ಲೀಟರ್. ಬರೆದಿದ್ದೇನೆ" ಎಂದೆ. ಆಗ ನಕ್ಕ.

ಅಂದಿನಿಂದ ನಾಯಕಿ ಒಂದು ಪದ್ಧತಿ ತಂದರು. ರಾತ್ರಿ ಊಟವಾದ ಮೇಲೆ ಪ್ರತಿಯೊಬ್ಬರೂ ಆ ದಿನ ಖುಷಿ ಕೊಟ್ಟದ್ದೊಂದು, ಕಷ್ಟ ಎನಿಸಿದ್ದೊಂದು ಹೇಳಬೇಕು. ತಲೆ ಕೆರೆಯುತ್ತಿದೆ ಎಂದು ಮೊದಲೇ ಹೇಳಿದ್ದರೆ ಯಾರಾದರೂ ತಮ್ಮ ಪಾಲಿನ ನೀರು ಕೊಡುತ್ತಿದ್ದರೋ ಏನೋ.

ನಮ್ಮದು ಎರಡೇ ವಾರ. ಮಾಸ್ಕೋದಲ್ಲಿ 2010–11ರಲ್ಲಿ ಆರು ಜನ ಇಂಥದೇ ಒಂದು ಮುಚ್ಚಿದ ಮನೆಯಲ್ಲಿ 520 ದಿನ ಕಳೆದಿದ್ದರು. ಅವರ ನಡುವೆ ಎಷ್ಟು ಸಲ ಮಾತು ನಿಂತು ಮತ್ತೆ ಶುರುವಾಗಿರಬಹುದು!

ಊರಿಗೆ ಬಂದಾಗ ಅಜ್ಜಿ ಕೇಳಿದರು, "ಮಂಗಳದಲ್ಲಿ ಏನೇ ಕಲಿತೆ?" ನಲ್ಲಿ ತಿರುಗಿಸಿ ನಿಲ್ಲಿಸುತ್ತಾ ಎಲ್ಲವನ್ನೂ ಹೇಳಿದೆ. ತಲೆ ತೊಳೆದದ್ದನ್ನೂ.